ಮೂವತ್ತೆಂಟು ಚೀಟಿಗಳಲ್ಲಿ ಒಂದು

ಶನಿವಾರದ ಬೆಳಗಿನ ತರಗತಿ ಮುಗಿಸಿ ಸ್ಟಾಫ್ ರೂಮಿನ ಕಡೆ ಹೊರಟಿದ್ದೆ. ಗುಬ್ಬಿಯಿಂದ ಆರು ಕಿಲೋಮೀಟರ್ ಒಳಗಿರುವ ನಮ್ಮ ಸರ್ಕಾರಿ ಹೈಸ್ಕೂಲಿನ ವರಾಂಡದಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ನಿಂತಿದ್ದರು. ಹತ್ತನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿಯ ತಾಯಿ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅವರಿಗೆ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಆರೂವರೆಗೆ ಊರಿನಿಂದ ವ್ಯಾನು ಹತ್ತಿದರೆ ವಾಪಸ್ಸು ಬರುವುದು ಸಂಜೆಗೇ. ಅವತ್ತು ಅರ್ಧ ದಿನ ರಜೆ ಹಾಕಿ ನನ್ನನ್ನೇ ನೋಡಲು ಬಂದಿದ್ದರು.

"ಒಂದೇ ಮಾತು ಕೇಳ್ಬೇಕಿತ್ತು ಮಿಸ್. ನನ್ ಮಗಳಿಗೆ ಲೆಕ್ಕ ತಲೆಗೋಗ್ತೈತಾ, ಇಲ್ವಾ? ಹೋಗ್ತೈತೆ ಅಂದ್ರೆ ಕಷ್ಟನೋ ಸುಖನೋ ಗುಬ್ಬೀಲಿ ಪಿಯುಸಿಗೆ ಸೇರಿಸ್ತೀನಿ. ಇಲ್ಲ ಅಂದ್ರೆ ಹತ್ತನೇದು ಮುಗೀತಿದ್ದಂಗೆ ನನ್ ಜೊತೇಲೇ ಪ್ಯಾಕಿಂಗಿಗೆ ಕರ್ಕೊಂಡೋಗ್ತೀನಿ. ಸೂಪರ್‌ವೈಸರು ಕೇಳ್ತಾ ಅವ್ರೆ. ನೀವ್ ಹೇಳ್ದಂಗೆ."

ಇಪ್ಪತ್ತೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಇಂಥ ತಾಯಂದಿರಿಗೆ ಹೇಳಲು ನನ್ನ ಬಳಿ ಸಿದ್ಧ ಉತ್ತರಗಳಿವೆ: ಮೊಬೈಲ್ ಕಿತ್ತಿಟ್ಟುಕೊಳ್ಳಿ, ದಿನಾ ಐದು ಲೆಕ್ಕ ಮಾಡಿಸಿ, ಗಮನ ಸಾಲದು. ಆದರೆ ಈ ಹುಡುಗಿಯ ವಿಷಯದಲ್ಲಿ ಅವು ಯಾವುದೂ ನಾಲಿಗೆಗೆ ಬರಲಿಲ್ಲ. ಒಂದು ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಹದಿನೇಳು, ಅದರ ಮುಂದಿನದರಲ್ಲಿ ನಾಲ್ಕು. ಪಕ್ಕದವರದ್ದು ನೋಡಿ ಬರೆಯುವವಳಲ್ಲ, ತಲೆಹರಟೆಯೂ ಅಲ್ಲ. ಅರ್ಥ ಆಯ್ತಾ ಎಂದರೆ ತಲೆಯಾಡಿಸುತ್ತಾಳೆ. ಅವಳಿಗೆ ತಿಳಿದಿದೆಯೋ ಇಲ್ಲವೋ, ಮೂರು ವರ್ಷ ಎದುರಿಗೇ ಕೂರಿಸಿಕೊಂಡ ನನಗೆ ಗೊತ್ತಿರಲಿಲ್ಲ.

"ದಸರಾ ರಜೆ ಮುಗೀಲಮ್ಮ, ಹೇಳ್ತೀನಿ" ಎಂದೆ.

"ಆಯ್ತು ಬುಡಿ ಮಿಸ್. ದಿನಾ ನೋಡೋರು ನೀವೇ ಅಲ್ವಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಬಸ್ಸಿನಲ್ಲಿ ತುಮಕೂರಿಗೆ ಬಂದು ಉಪ್ಪಾರಹಳ್ಳಿಯ ಮನೆಯ ಬೀಗ ತೆಗೆಯುವವರೆಗೂ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ದಿನಾ ನೋಡುವವಳು ನಾನೇ, ನಿಜ. ಆದರೆ ಏನು ನೋಡುತ್ತಿದ್ದೆ?

ನನ್ನ ಪಾಠದ ಕ್ರಮ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಲೆಕ್ಕ ಮಾಡುತ್ತೇನೆ, ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆಯುತ್ತೇನೆ, ತಿರುಗಿ "ಅರ್ಥ ಆಯ್ತಾ?" ಅನ್ನುತ್ತೇನೆ. "ಆಯ್ತು ಮಿಸ್" ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಹೇಳುತ್ತದೆ. ಆಮೇಲೆ ಬೋರ್ಡ್ ಒರೆಸುತ್ತೇನೆ. ಇದರ ಜೊತೆಗೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕುಣಿಗಲ್ ಕಡೆ ಹನ್ನೆರಡು ವರ್ಷ ಇದ್ದಾಗ ಅದನ್ನೇ ನನ್ನ ಹೆಚ್ಚುಗಾರಿಕೆ ಎಂದು ಎಲ್ಲರೂ ಹೊಗಳಿದ್ದರು. "ಮಿಸ್ಸು ಜೋರು, ಅದಕ್ಕೇ ಮಕ್ಕಳು ಪಾಸಾಗ್ತವೆ" ಎಂದು ಅಲ್ಲಿನ ತಂದೆತಾಯಿಗಳು ಅಂಗಡಿ ಮುಂದೆ ನಿಲ್ಲಿಸಿ ಹೇಳುತ್ತಿದ್ದರು. ನಾನೂ ನಂಬಿದ್ದೆ. ವರ್ಗವಾಗಿ ಗುಬ್ಬಿ ಕಡೆ ಬಂದಾಗ ಆ ಜೋರನ್ನು ಟ್ರಂಕಿನಲ್ಲಿಟ್ಟುಕೊಂಡೇ ಬಂದೆ.

ಆ ತಾಯಿ ಬಂದು ಹೋದ ಮುಂದಿನ ವಾರವೇ ತುಮಕೂರಿನಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಸಾಧಾರಣವಾಗಿ ತರಬೇತಿಗೆ ನಾನು ಹೋಗುವುದು ಸಹಿ ಹಾಕಿ, ಊಟ ಮಾಡಿ, ಹಳೇ ಸಹೋದ್ಯೋಗಿಗಳನ್ನು ಮಾತಾಡಿಸಿ ಬರುವುದಕ್ಕೆ. ಈ ಸಲ ವಿಷಯ ನೋಡಿ ಬೆಚ್ಚಿದೆ: ಮಕ್ಕಳಿಗೆ ಅರ್ಥವಾಗಿದೆಯೇ ಎಂದು ತಿಳಿಯುವುದು ಹೇಗೆ. ಹೇಳಿಕೊಡಲು ಬಂದಿದ್ದವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಕೆಂಪು, ಹಳದಿ, ಹಸಿರು ಕಾರ್ಡು ಎತ್ತಿಸುವುದು. ಪಾಠದ ಕೊನೆಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಹೆಸರಿಲ್ಲದ ಚೀಟಿಯಲ್ಲಿ ಬರೆಸುವುದು. ಪಕ್ಕದವರಿಗೆ ಒಂದು ನಿಮಿಷ ಹೇಳಿಕೊಡಿ ಅನ್ನುವುದು. ಕೇಳಲು ಇಷ್ಟೇ ಇಷ್ಟು ಸುಲಭ. ಕೊನೆಗೆ ಆತ "ಎಲ್ಲರಿಗೂ ಅರ್ಥ ಆಯ್ತಾ?" ಎಂದರು. ಆಗಲೇ ಬಾಗಿಲಿಗೆ ಟೀ ಬಂದಿತ್ತು. ಅರವತ್ತು ಜನ ಮೇಷ್ಟ್ರುಗಳು, ಮೇಡಂಗಳು ಒಟ್ಟಿಗೆ "ಆಯ್ತು ಸರ್" ಎಂದೆವು. ನನಗೆ ಕಾರ್ಡಿನ ವಿಷಯದಲ್ಲಿ ಒಂದು ಅನುಮಾನ ಇತ್ತು. ಎಲ್ಲರ ಟೀ ಆರಿಸಿ ಬೈಸಿಕೊಳ್ಳುವವರು ಯಾರು ಎಂದು ಸುಮ್ಮನಾದೆ.

ಭಾನುವಾರ ಮನೆಯಲ್ಲಿ ಕೂತು ಹಳೇ ಮದುವೆ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿದೆ. ಕೆಂಪಿಗೂ ಹಳದಿಗೂ ಏನೂ ಕೊರತೆಯಾಗಲಿಲ್ಲ. ಹಸಿರಿಗೆ ನೋಟ್‌ಬುಕ್ಕಿನ ರಟ್ಟು ಹರಿದೆ. ಸೋಮವಾರ ಹಂಚಿದಾಗ ತರಗತಿಯಲ್ಲಿ ಗದ್ದಲವೋ ಗದ್ದಲ. "ಮಿಸ್, ನನ್ ಕೆಂಪ್ ಕಾರ್ಡಲ್ಲಿ ಯಾರ್ದೋ ಧಾರೆ ಮುಹೂರ್ತ ಐತೆ!" ಎಂದು ಒಬ್ಬ ಕೂಗಿದ. ಮುಹೂರ್ತ ಓದುವುದು ನಿಲ್ಲಿಸಿ ಬೋರ್ಡ್ ನೋಡಿ ಎಂದು ಗದರಿಸಿ ಪಾಠ ಶುರುಮಾಡಿದೆ. ತಿಳಿದಿದ್ದರೆ ಹಸಿರು, ಅರ್ಧಂಬರ್ಧ ತಿಳಿದಿದ್ದರೆ ಹಳದಿ, ಏನೂ ತಿಳಿಯದಿದ್ದರೆ ಕೆಂಪು. ಪಾಠ ಮುಗಿಸಿ ತಿರುಗಿ ನೋಡಿದರೆ ಮೂವತ್ತೆಂಟು ಹಸಿರು.

ಮಾರನೆಯ ದಿನವೂ ಹಸಿರು. ಮೂರನೆಯ ದಿನವೂ. ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ. ಬೇಕೆಂದೇ ಬೋರ್ಡಿನ ಮೇಲೆ ದೊಡ್ಡದಾಗಿ ತಪ್ಪು ಬರೆದೆ: ಎ ಮತ್ತು ಬಿ ಕೂಡಿಸಿ ವರ್ಗ ಮಾಡಿದರೆ ಎ ವರ್ಗ ಕೂಡಿಸು ಬಿ ವರ್ಗ, ಅಷ್ಟೇ. ಎಂಟನೇ ತರಗತಿಯಿಂದ ನಾನೇ ಗಿಣಿಪಾಠ ಮಾಡಿಸಿದ ಸೂತ್ರ. ಅದರ ಹೊಟ್ಟೆಯೊಳಗೆ ಇರಬೇಕಾದ ಎರಡು ಎಬಿಯನ್ನು ಬಿಟ್ಟಿದ್ದೆ. ಬರೆದು ತಿರುಗಿದೆ. ಕ್ಲಾಸ್ ಲೀಡರ್ ಹುಡುಗಿ, ಯಾವಾಗಲೂ ಮೊದಲನೆಯವಳಾಗಿ ಬರುವವಳು, ಹಳದಿ ಕಾರ್ಡನ್ನು ಅರ್ಧ ಎತ್ತಿದಳು. ಸುತ್ತ ನೋಡಿದಳು. ಹಳದಿ ಇಳಿಸಿ ಹಸಿರು ಎತ್ತಿದಳು. ಮೂವತ್ತೆಂಟೂ ಹಸಿರಾಯಿತು.

"ಏನ್ರೋ, ತಪ್ಪು ಬರೆದಿದೀನಿ ಕಣ್ರೋ! ಯಾರಿಗೂ ಕಾಣಿಸ್ಲಿಲ್ವಾ?"

"ನೀವ್ ಬರೆದ್ಮೇಲೆ ಸರಿಯಾಗೇ ಇರ್ತದಲ್ವಾ ಮಿಸ್" ಎಂದಿತು ಹಿಂದಿನ ಬೆಂಚು. ಕುಚೋದ್ಯದ ಮಾತಲ್ಲ, ಮರ್ಯಾದೆಯ ಮಾತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಡುಗಳನ್ನೆಲ್ಲ ವಾಪಸ್ಸು ತೆಗೆದುಕೊಂಡು ಬೀರುವಿನಲ್ಲಿ ಹಾಕಿದೆ.

ಚೀಟಿ ಶುರುಮಾಡಿದ್ದು ಅದಾದ ಮೇಲೆ. ಕೊನೆಯ ಐದು ನಿಮಿಷ, ಹೆಸರು ಹಾಕುವಂತಿಲ್ಲ, ಇವತ್ತು ಏನು ತಿಳಿಯಲಿಲ್ಲ ಅನ್ನುವುದನ್ನು ಬರೆಯಬೇಕು. "ಯಾರ್ ಬರೆದಿದ್ದು ಅಂತ ನಾನು ಹುಡುಕಲ್ಲ, ಮಾತು ಕೊಡ್ತೀನಿ" ಎಂದು ಹೇಳಿ ಖಾಲಿ ಬಿಸ್ಕತ್ತು ಡಬ್ಬಿ ಇಟ್ಟೆ. ಮೊದಲ ದಿನದ ಚೀಟಿಗಳನ್ನು ಬಸ್ಸಿನಲ್ಲಿ ಕೂತು ಬಿಡಿಸಿದೆ. "ಎಲ್ಲಾ ಅರ್ಥವಾಯಿತು, ಧನ್ಯವಾದಗಳು." "ಮಿಸ್ ನೀವು ತುಂಬಾ ಚೆನ್ನಾಗಿ ಪಾಠ ಮಾಡುತ್ತೀರಿ." ಒಂದರಲ್ಲಿ ಗುಲಾಬಿ ಹೂವಿನ ಚಿತ್ರ. ಹೀಗೆ ಮೂವತ್ತೇಳು. ಒಂದು ಚೀಟಿಯಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಹೊಲದ ಉದ್ದಕ್ಕೆ ಎರಡು ಉತ್ತರ ಬಂತು. ಮೈನಸ್ ಇರೋದನ್ನ ಬಿಟ್ಟುಬಿಡಿ ಅಂದ್ರಿ. ಬಿಡೋದಾದ್ರೆ ಅದು ಯಾಕೆ ಬಂತು?"

ಗುಬ್ಬಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ವರ್ಗ ಸಮೀಕರಣದ ಆ ಲೆಕ್ಕವನ್ನು ಇಪ್ಪತ್ತೊಂದು ವರ್ಷದಿಂದ ಮಾಡಿಸುತ್ತಿದ್ದೇನೆ. ಉದ್ದ ಮೈನಸ್ ಇರಲಾರದು, ಬಿಟ್ಟುಬಿಡಿ, ಎರಡು ಗೆರೆ ಎಳೆಯಿರಿ. ಅದು ಯಾಕೆ ಬಂತು ಎಂದು ಯಾರೂ ಕೇಳಿರಲಿಲ್ಲ. ನಾನೂ ನನ್ನ ಮೇಷ್ಟ್ರನ್ನು ಕೇಳಿರಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟು ಅದನ್ನೇ ಯೋಚಿಸಿದೆ. ಸಮೀಕರಣಕ್ಕೆ ಹೊಲ ಗೊತ್ತಿಲ್ಲ, ಹೊಲ ಗೊತ್ತಿರುವುದು ನಮಗೆ. ಅದು ತನಗೆ ಹೊಂದುವ ಸಂಖ್ಯೆಗಳನ್ನೆಲ್ಲ ಕೊಡುತ್ತದೆ, ಆರಿಸುವ ಕೆಲಸ ನಮ್ಮದು. ಮಾರನೆಯ ದಿನ ಹೀಗೆ ಹೇಳಿದಾಗ ನನಗೇ ಅದು ಮೊದಲ ಸಲ ತಿಳಿದ ಹಾಗಾಯಿತು. ಖುಷಿಯಾಯಿತು, ಜೊತೆಗೆ ನಾಚಿಕೆಯೂ ಆಯಿತು.

ಎರಡು ದಿನ ಬಿಟ್ಟು ಮತ್ತೊಂದು ಚೀಟಿ, ಅದೇ ದುಂಡಕ್ಷರ: "ಸಮ ಚಿಹ್ನೆ ದಾಟಿದ್ರೆ ಪ್ಲಸ್ ಹೋಗಿ ಮೈನಸ್ ಆಗುತ್ತೆ ಅಂತೀರಿ. ದಾಟುವಾಗ ಅದಕ್ಕೆ ಏನಾಗುತ್ತೆ?" ಏನೂ ಆಗುವುದಿಲ್ಲ ಮಕ್ಕಳೇ, ಅದು ದಾಟುವುದೇ ಇಲ್ಲ, ಎರಡೂ ಕಡೆಯಿಂದ ಒಂದೇ ಸಂಖ್ಯೆ ಕಳೆಯುತ್ತೇವೆ ಅಷ್ಟೇ, ಎಂದು ಸಂತೆಯ ತಕ್ಕಡಿ ಬರೆದು ತೋರಿಸಿದೆ. ಅಲ್ಲಿಯವರೆಗೂ ದಾಟಿಸುತ್ತಿದ್ದವಳು ನಾನೇ.

ಆದರೆ ನನಗೆ ಬೇಕಾಗಿದ್ದ ಚೀಟಿ ಇದಲ್ಲ. ಕಿಟಕಿ ಪಕ್ಕದವಳ ಚೀಟಿ ಬೇಕಿತ್ತು. ಅವಳ ತಾಯಿಗೆ ನಾನು ಉತ್ತರ ಕೊಡಬೇಕಿತ್ತು, ದಸರಾ ರಜೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ, ಕೊಟ್ಟ ಮಾತನ್ನು ಬದಿಗಿಟ್ಟು, ಚೀಟಿಗಳನ್ನೂ ನೋಟ್‌ಬುಕ್ಕುಗಳನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಹೋಲಿಸಲು ಕೂತೆ. ದುಂಡಕ್ಷರ ಕ್ಲಾಸ್ ಲೀಡರ್ ಹುಡುಗಿಯದು. ಅನುಮಾನವೇ ಇಲ್ಲ. ಕಿಟಕಿ ಪಕ್ಕದವಳ ಎಡಕ್ಕೆ ವಾಲಿದ ಅಕ್ಷರದಲ್ಲಿ ಹದಿನಾಲ್ಕು ಚೀಟಿ ಸಿಕ್ಕವು. ಹದಿನಾಲ್ಕರಲ್ಲೂ "ಎಲ್ಲಾ ಅರ್ಥವಾಯಿತು."

ಆಗ ನಾನು ತೀರ್ಮಾನ ಮಾಡಿಬಿಟ್ಟೆ. ಜಾಣೆ ಪ್ರಶ್ನೆ ಕೇಳುತ್ತಾಳೆ, ಏನೂ ತಿಳಿಯದವಳು ಎಲ್ಲಾ ತಿಳಿಯಿತು ಅನ್ನುತ್ತಾಳೆ. ತಾಯಿ ಬಂದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ: ಹೇಗೋ ಪಾಸಾಗಬಹುದಮ್ಮ, ಮುಂದಕ್ಕೆ ಕಷ್ಟ, ನಿಮ್ಮ ಜೊತೆಯಲ್ಲೇ ಕರೆದುಕೊಂಡು ಹೋಗಿ. ಅಂತೂ ಉತ್ತರ ಸಿಕ್ಕಿತಲ್ಲ ಎಂಬ ಸಮಾಧಾನ ಇತ್ತು, ಅದನ್ನೂ ಒಪ್ಪಿಕೊಳ್ಳಬೇಕು.

ಮಾರನೆಯ ದಿನ ತರಗತಿಯಲ್ಲಿ ಲೀಡರನ್ನು ಎಬ್ಬಿಸಿ ನಿಲ್ಲಿಸಿದೆ. "ಪ್ರಶ್ನೆ ಅಂದ್ರೆ ಹಿಂಗ್ ಕೇಳ್ಬೇಕು. ಇವಳನ್ನ ನೋಡಿ ಕಲೀರಿ. ನೀವೂ ಇದೀರ, ದಿನಾ ಧನ್ಯವಾದ ಬರ್ಕೊಂಡು!" ಚಪ್ಪಾಳೆ ತಟ್ಟಿಸಿದೆ. ಹೊಗಳಿಸಿಕೊಂಡ ಹುಡುಗಿ ತಲೆ ತಗ್ಗಿಸಿ ಅಳತೊಡಗಿದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅವತ್ತಿನ ಡಬ್ಬಿಯಲ್ಲಿ ಮೂವತ್ತೆಂಟು ಧನ್ಯವಾದ ಇದ್ದವು. ಅದರ ಮರುದಿನವೂ ಮೂವತ್ತೆಂಟು.

ರಜೆಗೆ ಎರಡು ದಿನ ಇದ್ದಾಗ, ಬಿಸಿಯೂಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ನನ್ನ ಊಟದ ಡಬ್ಬಿ ತೊಳೆಯುತ್ತಿದ್ದೆ. ಲೀಡರ್ ಬಂದು ಪಕ್ಕದಲ್ಲಿ ನಿಂತಳು.

"ಮಿಸ್, ಆ ಪ್ರಶ್ನೆಗಳು ನಂದಲ್ಲ."

"ಅಕ್ಷರ ನಿಂದೇ ಅಲ್ವೇನೇ?"

"ಅಕ್ಷರ ನಂದು. ಕೇಳಿದ್ದು ಅವ್ಳು." ತರಗತಿಯ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು. "ನಂಗೆ ಆ ಡೌಟೇ ಬಂದಿರ್ಲಿಲ್ಲ ಮಿಸ್. ನೀವ್ ಬಿಟ್ಬುಡಿ ಅಂದ್ರಿ, ನಾನು ಬಿಟ್ಟೆ. ಅವ್ಳೇ ಇಂಟರ್‌ವೆಲ್ಲಲ್ಲಿ ಬಂದು ಇದನ್ನ ಬರಿ ಅಂದ್ಲು."

"ಅವಳೇ ಬರೀಬಹುದಿತ್ತಲ್ಲ. ಹೆಸರು ಹಾಕ್ಬೇಡಿ ಅಂದಿರ್ಲಿಲ್ವಾ ನಾನು?"

"ಅಕ್ಷರ ನೋಡಿದ್ರೆ ನಿಮ್ಗೆ ಗೊತ್ತಾಗ್ಬುಡ್ತದೆ. ಗೊತ್ತಾದ್ರೆ ಅವ್ಳಿಗೆ ಬೈತೀರ. ನಂಗೆ ಬೈಯಲ್ಲ. ಎಂಟನೇ ಕ್ಲಾಸಿಂದ್ಲೂ ಹಂಗೇ ಮಿಸ್. ಯಾರಿಗೆ ಡೌಟಿದ್ರೂ ನಂಗೆ ಹೇಳ್ತಾರೆ, ನಾನು ಕೇಳ್ತೀನಿ. ಈಗ ಎಲ್ರೂ ನನ್ ಮೇಲೆ ಸಿಟ್ಟಾಗವ್ರೆ. ಅವ್ಳ ಪ್ರಶ್ನೆಗೆ ನಾನ್ ಚಪ್ಪಾಳೆ ತಗೊಂಡೆ ಅಂತ."

ಡಬ್ಬಿ ಕೈಯಲ್ಲೇ ಇತ್ತು, ನಲ್ಲಿ ಸುರಿಯುತ್ತಿತ್ತು. ಈ ಮಕ್ಕಳು ನನ್ನ ಹತ್ತಿರ ಬರಲು ತಮ್ಮೊಳಗೇ ಒಬ್ಬ ವಕೀಲೆಯನ್ನು ನೇಮಿಸಿಕೊಂಡಿದ್ದರು. ಮೂರು ವರ್ಷ ನನ್ನ ಕಣ್ಣೆದುರೇ ನಡೆದಿದೆ, ನನಗೆ ಸುಳಿವೇ ಸಿಕ್ಕಿಲ್ಲ. ಕಿಟಕಿ ಪಕ್ಕದವಳನ್ನು ನಾನು ಅಷ್ಟೊಂದು ಬೈದದ್ದಾದರೂ ಯಾವಾಗ ಎಂದು ಕೇಳಿದೆ.

"ಎಂಟನೇ ಕ್ಲಾಸಲ್ಲಿ ಒಂದ್ಸಲ ಕೈ ಎತ್ತಿದ್ಲು. 'ಇಷ್ಟೊತ್ತು ಕಿಟಕೀಲಿ ಎಮ್ಮೆ ಎಣಿಸ್ತಿದ್ದೇನೇ?' ಅಂದ್ರಿ. ಎಲ್ರೂ ನಕ್ರು. ನಾನೂ ನಕ್ಕೆ."

ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಅಂದಿರುತ್ತೇನೆ, ಆ ಮಾತು ನನ್ನದೇ ಅನ್ನುವುದರಲ್ಲಿ ಸಂಶಯವಿಲ್ಲ. ಕುಣಿಗಲ್ಲಿನಲ್ಲಿ ಅದನ್ನೇ ಎಷ್ಟು ಮಕ್ಕಳಿಗೆ ಅಂದಿದ್ದೇನೋ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕು ಅನ್ನಿಸಿತು. ನನ್ನ ಹೊರತು ಯಾರೂ ಸಿಗಲಿಲ್ಲ.

ಆ ಮಧ್ಯಾಹ್ನ ಕಿಟಕಿ ಪಕ್ಕದವಳ ಉತ್ತರ ಪತ್ರಿಕೆಗಳನ್ನು ಕಟ್ಟಿನಿಂದ ಹೊರಗೆ ತೆಗೆದೆ. ನಾಲ್ಕು ಅಂಕ ಬಂದದ್ದು ಬೀಜಗಣಿತದ ಟೆಸ್ಟಿನಲ್ಲಿ. ಪ್ರತಿ ಲೆಕ್ಕವನ್ನೂ ಸರಿಯಾಗಿ ಶುರುಮಾಡಿ, ಚಿಹ್ನೆ ಬದಲಾಗುವ ಸಾಲಿಗೆ ಬಂದು ನಿಲ್ಲಿಸಿದ್ದಳು. ಹದಿನೇಳು ಬಂದದ್ದು ರೇಖಾಗಣಿತದಲ್ಲಿ, ಅಲ್ಲಿ ಪ್ರತಿ ಸಾಲಿಗೂ ಪಕ್ಕದಲ್ಲಿ ಕಾರಣ ಬರೆಯುವುದಿದೆ. ಕಾರಣ ಕೊಟ್ಟ ಕಡೆ ಮುಂದೆ ಹೋಗಿದ್ದಾಳೆ, ಕೊಡದ ಕಡೆ ಹೋಗಲು ಒಪ್ಪಿಲ್ಲ. ಆ ಖಾಲಿ ಜಾಗಗಳ ಮೇಲೆಲ್ಲ ನಾನು ಕೆಂಪು ಇಂಕಿನಲ್ಲಿ "ಗಮನ ಎಲ್ಲಿ?" ಎಂದು ಬರೆದಿದ್ದೆ. ಮೂರು ದಿನದ ಹಿಂದೆ ಆ ತಾಯಿ ಬಂದಿದ್ದರೆ ನಾನು ಅವಳನ್ನು ಪ್ಯಾಕಿಂಗಿಗೆ ಕಳಿಸಿಬಿಟ್ಟಿರುತ್ತಿದ್ದೆ.

ರಜೆ ಮುಗಿದ ಮೊದಲ ಶನಿವಾರ ತಾಯಿ ಬಂದರು. ಹುಡುಗಿಯೂ ಜೊತೆಗಿದ್ದಳು, ನೆಲ ನೋಡುತ್ತಾ.

"ತಲೆಗೆ ಹೋಗ್ತದಮ್ಮ. ಕ್ಲಾಸಲ್ಲಿ ಯಾರಿಗೂ ಬರದ ಪ್ರಶ್ನೆ ಇವಳಿಗೆ ಬರ್ತವೆ. ಓದ್ಸಿ" ಎಂದೆ.

"ಪಾಸಾಗ್ತಾಳಾ ಹಂಗಾರೆ?"

"ಗೊತ್ತಿಲ್ಲಮ್ಮ."

"ತಲೆಗೋಗ್ತೈತೆ ಅಂತೀರ, ಪಾಸಾಗೋದು ಗೊತ್ತಿಲ್ಲ ಅಂತೀರ. ನಂಗೊಂದೂ ತಿಳೀತಿಲ್ಲ ಮಿಸ್."

"ನನಗೂ ಪೂರ್ತಿ ತಿಳೀತಿಲ್ಲ. ತಿಳೀದೇ ಇದ್ದಾಗ ಇವಳು ನನ್ನ ಕೇಳಿಲ್ಲ. ಹೆದರ್ಕೊಂಡಿದ್ದಾಳೆ, ನನ್ನ ಬಾಯಿಗೆ. ಎಂಟನೇ ಕ್ಲಾಸಲ್ಲಿ ಏನೋ ಅಂದ್ಬಿಟ್ಟಿದ್ದೆ."

ತಾಯಿ ನನ್ನನ್ನೂ ಮಗಳನ್ನೂ ಬದಲಿಸಿ ಬದಲಿಸಿ ನೋಡಿದರು. "ಹಂಗಾರೆ ಸರಿಯಾಗ್ಬೇಕಾಗಿರೋದು ಇವ್ಳಾ, ನೀವಾ?" ಎಂದರು. ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

"ನಾನು" ಎಂದೆ.

"ಸಂಕ್ರಾಂತಿಗಂಟ ನೋಡ್ತೀನಿ. ಆಮ್ಯಾಕೆ ಸೂಪರ್‌ವೈಸರಿಗೆ ಹೂಂ ಅಂತನೋ ಊಹೂಂ ಅಂತನೋ ಹೇಳ್ಬೇಕು ನಾನು" ಎಂದು ಮಗಳ ಜಡೆ ಸರಿಮಾಡಿ ಹೊರಟರು. ಹುಡುಗಿ ಹಿಂದೆಯೇ ಹೋದಳು.

ಸೋಮವಾರ ತರಗತಿಗೆ ಹೇಳಿದೆ: ಇನ್ನು ಮೇಲೆ ಯಾರ ಅನುಮಾನ ಅವರೇ ಕೇಳಿ, ಬೈಯುವುದಿಲ್ಲ. ಮಾತು ಕೊಟ್ಟು ಅಕ್ಷರ ಹುಡುಕಿದ್ದು ನನ್ನ ತಪ್ಪು. ಆ ಎರಡು ಪ್ರಶ್ನೆಗಳು ಯಾರವು ಎಂಬುದನ್ನೂ ಹೇಳಿ, ಲೀಡರ್ ಹತ್ತಿರ ಕ್ಷಮೆ ಕೇಳಿದೆ. ಮಕ್ಕಳು ಗಾಬರಿಯಿಂದ ನೋಡಿದರು. ಸೋಮವಾರ ಯಾರೂ ಕೇಳಲಿಲ್ಲ, ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ.

ಗುರುವಾರ ಸಮಾಂತರ ಶ್ರೇಢಿ ನಡೆಯುತ್ತಿತ್ತು. ಪೋರ್ಷನ್ ಹಿಂದೆ ಬಿದ್ದಿತ್ತು, ಬೆಲ್ಲಿಗೆ ನಾಲ್ಕು ನಿಮಿಷ ಉಳಿದಿತ್ತು, ಮೊತ್ತದ ಸೂತ್ರ ಮುಗಿಸಿಬಿಡಬೇಕು ಎಂಬ ಆತುರದಲ್ಲಿ ನಾನಿದ್ದೆ. ಕಿಟಕಿಯ ಪಕ್ಕ ಒಂದು ಕೈ ಎದ್ದಿತು, ಮೊಣಕೈವರೆಗೆ ಮಾತ್ರ.

"ಇಷ್ಟೊತ್ತು ಎಲ್ಲಿ ನೋಡ್ತಾ ಇದ್ದೆ ನೀ..."

ನನ್ನ ಬಾಯಿಂದ ಬಂದೇಬಿಟ್ಟಿತು. ಅರ್ಧಕ್ಕೆ ಕಚ್ಚಿ ಹಿಡಿದರೂ ಅಷ್ಟು ಸಾಕಾಗಿತ್ತು. ಕೈ ಕೆಳಗೆ ಹೋಯಿತು. ಲೀಡರ್ ಪುಸ್ತಕದೊಳಗೆ ಮುಖ ಹುದುಗಿಸಿದಳು. ಯಾರೂ ನಗಲಿಲ್ಲ. ಆದದ್ದು ಆಗಿಹೋಗಿತ್ತು, ಏನು ಮಾಡಬೇಕೆಂದು ಆ ಎರಡು ದಿನದ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಬೋರ್ಡ್ ಬಿಟ್ಟು ಬಂದು ಕುರ್ಚಿಯಲ್ಲಿ ಕೂತೆ. ಬೆಲ್ ಹೊಡೆಯಿತು. ಒಬ್ಬರೂ ಏಳಲಿಲ್ಲ.

"ಮಿಸ್" ಎಂದಿತು ಕಿಟಕಿಯ ಕಡೆಯಿಂದ ಒಂದು ಧ್ವನಿ. ಮೂರು ವರ್ಷದಲ್ಲಿ ತಾನಾಗಿ ನನ್ನೊಡನೆ ಅವಳು ಆಡಿದ ಮೊದಲ ಮಾತು ಅದೇ ಇರಬೇಕು. ಎದ್ದು ನಿಂತಿದ್ದಳು, ಡೆಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಬೈದಿದ್ದು ಮುಗೀತಾ ಮಿಸ್? ಈಗ ಕೇಳ್ಲಾ?"

"ಮುಗೀತು, ಕೇಳಮ್ಮ" ಎಂದೆ.